ಮುಕ್ತ ತಂತ್ರಾಂಶಕ್ಕೆ ಮೊದಲ ಕೊಡುಗೆ: ಒಂದೇ ಸಾಲಿನ ತಿದ್ದುಪಡಿಯನ್ನು ಯಾರಿಗೆ, ಹೇಗೆ ತಲುಪಿಸಬೇಕು?

ಕಲ್ಪತರುನಾಡು (ಚರ್ಚೆ ಆರಂಭಿಸಿದವರು)

ಎಲ್ಲರಿಗೂ ನಮಸ್ಕಾರ. ನಾನು ತಿಪಟೂರಿನ ಸಮೀಪದ ಒಂದು ಪದವಿ ಕಾಲೇಜಿನಲ್ಲಿ ಕಂಪ್ಯೂಟರ್ ಲ್ಯಾಬ್ ನೋಡಿಕೊಳ್ಳುತ್ತೇನೆ. ನಮ್ಮಲ್ಲಿರುವ 24 ಯಂತ್ರಗಳಲ್ಲೂ ಲಿನಕ್ಸ್ ಇದೆ. ಕನ್ನಡ ಮಾಧ್ಯಮದಲ್ಲಿ ಓದಿ ಬಂದ ಮಕ್ಕಳಿಗೆ ಮೊದಲ ದಿನಗಳಲ್ಲಿ ಅನುಕೂಲವಾಗಲೆಂದು ಅರ್ಧದಷ್ಟು ಯಂತ್ರಗಳ ಭಾಷೆಯನ್ನು ಕನ್ನಡಕ್ಕೆ ಬದಲಿಸಿದ್ದೇವೆ. ಅವುಗಳಲ್ಲಿ ಪಿಡಿಎಫ್ ತೆರೆಯುವ ತಂತ್ರಾಂಶದ ಒಂದು ಕಡೆ, ಹತ್ತು ಪುಟಗಳ ಕಡತದ ಮೂರನೆಯ ಪುಟಕ್ಕೆ ಹೋದಾಗ, "3 ರಲ್ಲಿ 10" ಎಂದು ಕಾಣಿಸುತ್ತದೆ. ಕಳೆದ ವಾರ ಒಬ್ಬ ವಿದ್ಯಾರ್ಥಿನಿ, "ಮೇಡಂ, ಮೂರು ಪುಟಗಳ ಪುಸ್ತಕದಲ್ಲಿ ಹತ್ತನೆಯ ಪುಟ ಎಲ್ಲಿಂದ ಬಂತು?" ಎಂದು ಕೇಳಿದಳು. ನಾನು ಎರಡು ವರ್ಷಗಳಿಂದ ಅದೇ ಪರದೆಯನ್ನು ದಿನವೂ ನೋಡುತ್ತಿದ್ದರೂ ಅದು ತಪ್ಪೆಂದು ನನ್ನ ಗಮನಕ್ಕೆ ಬಂದಿರಲಿಲ್ಲ.

ಇದನ್ನು ಸರಿಪಡಿಸಬೇಕೆಂಬ ಆಸೆ ನನಗಿದೆ. ಸಿ ಮತ್ತು ಪೈಥಾನ್ ಭಾಷೆಗಳನ್ನು ಪಾಠ ಹೇಳುವಷ್ಟು ಬಲ್ಲೆ, ಆದರೆ ಕೋಡಿನ ಬದಲಾವಣೆಗಳನ್ನು ದಾಖಲಿಸಿಡುವ ಗಿಟ್ ಎಂಬ ಸಾಧನವನ್ನು ಬಳಸಿದ ಅನುಭವವಿಲ್ಲ, ಯಾರು ಬೇಕಾದರೂ ಕೋಡ್ ನೋಡಿ ತಿದ್ದಬಹುದಾದ ಮುಕ್ತ ತಂತ್ರಾಂಶಕ್ಕೆ ಇಲ್ಲಿಯವರೆಗೆ ಏನನ್ನೂ ಕೊಟ್ಟಿಲ್ಲ. ಈ ತಪ್ಪು ಯಾರ ಕೈಯಲ್ಲಿದೆ, ಯಾರಿಗೆ ತಿಳಿಸಬೇಕು, ಇಷ್ಟು ಚಿಕ್ಕ ವಿಷಯಕ್ಕೆ ಅವರ ಸಮಯ ಕೇಳುವುದು ಸರಿಯೇ ಎಂಬುದನ್ನು ಬಲ್ಲವರು ತಿಳಿಸಿಕೊಡಬೇಕೆಂದು ಕೇಳಿಕೊಳ್ಳುತ್ತೇನೆ. ಇಂಗ್ಲಿಷಿನಲ್ಲಿ ಬರೆದು ತಪ್ಪು ಮಾಡಿಬಿಟ್ಟರೆ ಅದು ಎಲ್ಲರ ಕಣ್ಣಿಗೂ ಬೀಳುತ್ತದೆ ಎಂಬ ಹಿಂಜರಿಕೆಯೂ ನನಗಿದೆ.


ಹಳೆಬೇರು

ನಿಮ್ಮ ವಿದ್ಯಾರ್ಥಿನಿ ಕಂಡದ್ದು ಸಣ್ಣ ವಿಷಯವಲ್ಲ. ಆ ತಂತ್ರಾಂಶವನ್ನು ಬರೆದವರಲ್ಲಿ ಕನ್ನಡ ಓದಬಲ್ಲವರು ಒಬ್ಬರೂ ಇಲ್ಲದಿರಬಹುದು. ಅಂದಮೇಲೆ ಕನ್ನಡ ಪರದೆಯನ್ನು ದಿನವೂ ನೋಡುವ ನಿಮ್ಮಂಥವರು ಹೇಳದ ಹೊರತು ಈ ತಪ್ಪು ಅವರಿಗೆ ಎಂದೆಂದಿಗೂ ತಿಳಿಯುವುದಿಲ್ಲ. ಆದ್ದರಿಂದ ಸಮಯ ಕೇಳುವ ವಿಷಯದಲ್ಲಿ ಸಂಕೋಚ ಬೇಡ.

ಮೊದಲು ತಪ್ಪು ಎಲ್ಲಿದೆ ಎಂಬುದನ್ನು ನೋಡೋಣ. ನಿಮ್ಮ ಯಂತ್ರದಲ್ಲಿರುವ ತಂತ್ರಾಂಶ ಎರಡು ಕೈ ದಾಟಿ ಬಂದಿದೆ. ಅದನ್ನು ಬರೆಯುವ ಮೂಲ ಯೋಜನೆ ಒಂದು, ಅದನ್ನು ಕಟ್ಟಿ ನಿಮಗೆ ತಲುಪಿಸುವ ಡೆಬಿಯನ್, ಉಬುಂಟು, ಫೆಡೋರಾದಂತಹ ವಿತರಣೆ ಇನ್ನೊಂದು. ಸಾಮಾನ್ಯವಾಗಿ ಅನುವಾದದ ತಪ್ಪನ್ನು ಮೂಲ ಯೋಜನೆಯಲ್ಲೇ ತಿದ್ದಬೇಕು, ಆಗ ಅದು ಎಲ್ಲ ವಿತರಣೆಗಳಿಗೂ ಹರಿದು ಬರುತ್ತದೆ. ಆದರೆ ಕಾಲೇಜಿನ ಯಂತ್ರಗಳಲ್ಲಿ ಮೂರು ನಾಲ್ಕು ವರ್ಷ ಹಳೆಯ ಆವೃತ್ತಿ ಇರುವುದು ಸಹಜ. ನೀವು ಕಂಡ ತಪ್ಪನ್ನು ಈಗಾಗಲೇ ಯಾರಾದರೂ ಸರಿಪಡಿಸಿರಬಹುದು. ಆದ್ದರಿಂದ ಇತ್ತೀಚಿನ ಆವೃತ್ತಿಯ ಕನ್ನಡ ಕಡತವನ್ನು ತೆರೆದು ನೋಡುವುದು ಮೊದಲ ಕೆಲಸ. ಅದೇ ದೂರನ್ನು ಬೇರೆಯವರು ದಾಖಲಿಸಿದ್ದಾರೆಯೇ ಎಂದು ಹುಡುಕುವುದು ಎರಡನೆಯದು. ಈ ಎರಡನ್ನು ಮಾಡಿ ಬಂದವರಿಗೂ ಮಾಡದೆ ಬಂದವರಿಗೂ ಇರುವ ವ್ಯತ್ಯಾಸ ಯೋಜನೆಯನ್ನು ನೋಡಿಕೊಳ್ಳುವ ಮೇಂಟೇನರ್‌ಗಳಿಗೆ ಮೊದಲ ಸಾಲಿನಲ್ಲೇ ಗೊತ್ತಾಗುತ್ತದೆ.

ಅನುವಾದವನ್ನು ಯಾವ ಬಾಗಿಲಿನಿಂದ ಕೊಡಬೇಕೆಂಬುದು ಯೋಜನೆಯಿಂದ ಯೋಜನೆಗೆ ಬೇರೆ. ಲಿನಕ್ಸ್‌ನ ಡೆಸ್ಕ್‌ಟಾಪ್ ಪರದೆಯನ್ನು ರೂಪಿಸುವ ಗ್ನೋಮ್ ಯೋಜನೆಗೆ ಡ್ಯಾಮ್ಡ್ ಲೈಸ್ ಎಂಬ ತಾಣವಿದೆ, ಅಲ್ಲಿ ಪ್ರತಿ ಭಾಷೆಗೂ ಒಂದು ತಂಡವಿದ್ದು ಅನುವಾದ ಅದರ ಪರಿಶೀಲನೆಯನ್ನು ದಾಟಿಯೇ ಒಳಗೆ ಹೋಗುತ್ತದೆ. ಲಿಬ್ರೆಆಫೀಸ್ ವೆಬ್‌ಲೇಟ್ ಬಳಸುತ್ತದೆ. ಫೈರ್‌ಫಾಕ್ಸ್ ಅನುವಾದ ಪೊಂಟೂನ್‌ನಲ್ಲಿ ನಡೆಯುತ್ತದೆ. ನಾವು ಕನ್ನಡ ವಿಕಿಪೀಡಿಯದಲ್ಲಿ ನೋಡುವ ಗುಂಡಿಗಳ ಮೇಲಿನ ಪದಗಳು ಟ್ರಾನ್ಸ್‌ಲೇಟ್‌ವಿಕಿ ತಾಣದಿಂದ ಬರುತ್ತವೆ. ಬಹಳ ಮಂದಿ ಹೊಸಬರು ಇದನ್ನು ತಿಳಿಯದೆ ನೇರವಾಗಿ ಸೋರ್ಸ್ ಕೋಡ್ ಇರುವ ರೆಪೊಸಿಟರಿಗೆ (ಕೋಡಿನ ಭಂಡಾರಕ್ಕೆ) ಪುಲ್ ರಿಕ್ವೆಸ್ಟ್, ಅಂದರೆ ನನ್ನ ಬದಲಾವಣೆಯನ್ನು ಸೇರಿಸಿಕೊಳ್ಳಿ ಎಂಬ ಕೋರಿಕೆ, ಕಳುಹಿಸುತ್ತಾರೆ, ಅದು ತಿರಸ್ಕೃತವಾದಾಗ ತಮ್ಮ ಕೆಲಸವೇ ಸರಿಯಿಲ್ಲವೆಂದು ತಿಳಿದು ಹಿಂದೆ ಸರಿಯುತ್ತಾರೆ. ಯೋಜನೆಯ ಪರಿಚಯ ಕೊಡುವ ರೀಡ್‌ಮಿ, ಕೊಡುಗೆಯ ನಿಯಮ ಹೇಳುವ ಕಾಂಟ್ರಿಬ್ಯೂಟಿಂಗ್ ಎಂಬ ಎರಡು ಕಡತಗಳನ್ನು ಪೂರ್ತಿ ಓದಿದರೆ ಬಾಗಿಲು ಯಾವುದೆಂದು ತಿಳಿಯುತ್ತದೆ.

ಇನ್ನು ತಪ್ಪಿನ ಕಾರಣ. ಅನುವಾದ ಇರುವುದು ಪಿಓ ಎಂಬ ಬಗೆಯ ಸರಳ ಪಠ್ಯ ಕಡತದಲ್ಲಿ. ಪ್ರತಿಯೊಂದು ಇಂಗ್ಲಿಷ್ ವಾಕ್ಯದ ಕೆಳಗೆ ಅದರ ಕನ್ನಡ ವಾಕ್ಯವಿರುತ್ತದೆ. ಇಂಗ್ಲಿಷ್ ವಾಕ್ಯದಲ್ಲಿ ಎರಡು ಸಂಖ್ಯೆಗಳಿಗೆ ಶೇಕಡಾ ಚಿಹ್ನೆ ಮತ್ತು ಡಿ ಅಕ್ಷರ ಸೇರಿದ ಎರಡು ಜಾಗಗಳಿವೆ. ಮೊದಲ ಜಾಗಕ್ಕೆ ಈಗಿನ ಪುಟ, ಎರಡನೆಯ ಜಾಗಕ್ಕೆ ಒಟ್ಟು ಪುಟ ಬಂದು ಕೂರುತ್ತವೆ. ಇಂಗ್ಲಿಷಿನಲ್ಲಿ ಭಾಗ ಮೊದಲು, ಮೊತ್ತ ನಂತರ. ಕನ್ನಡದಲ್ಲಿ ಸಪ್ತಮಿ ವಿಭಕ್ತಿ ಮೊತ್ತಕ್ಕೆ ಹತ್ತಬೇಕು, ಮೊತ್ತವೇ ಮೊದಲು ಬರಬೇಕು: "10 ರಲ್ಲಿ 3". ಅನುವಾದಕರು ನಡುವಿನ ಪದವನ್ನು ಮಾತ್ರ ಬದಲಿಸಿ ಜಾಗಗಳನ್ನು ಇದ್ದಲ್ಲಿಯೇ ಬಿಟ್ಟಿದ್ದಾರೆ. ಪರಿಹಾರ ಸುಲಭವಾಗಿದೆ. ಶೇಕಡಾ ಚಿಹ್ನೆಯ ಬಳಿಕ 2 ಎಂಬ ಅಂಕಿ, ಡಾಲರ್ ಚಿಹ್ನೆ, ಆಮೇಲೆ ಡಿ ಬರೆದರೆ "ಇಲ್ಲಿ ಎರಡನೆಯ ಸಂಖ್ಯೆಯನ್ನು ತಾ" ಎಂದು ಅರ್ಥ. ಹಾಗೆಯೇ ಇನ್ನೊಂದರಲ್ಲಿ 1 ಬರೆಯಿರಿ. ಕೇವಲ ನಾಲ್ಕು ಅಕ್ಷರಗಳ ಸೇರ್ಪಡೆ.


ನೇತ್ರಾವತಿ_ಅನುವಾದ

ಹಳೆಬೇರು ಅವರು ಹೇಳಿದ್ದಕ್ಕೆ ನನ್ನ ಅನುಭವವನ್ನೂ ಸೇರಿಸುತ್ತೇನೆ. ನಾನು ಆರು ವರ್ಷಗಳಿಂದ ಸಂಜೆಯ ವೇಳೆ ಅನುವಾದ ಮಾಡುತ್ತಿದ್ದೇನೆ. ಪುಟಸಂಖ್ಯೆಯ ಆ ತಪ್ಪಿಗೆ ಹತ್ತಿರದ ಬಂಧುವೊಂದಿದೆ, ಅದು ವಿಭಕ್ತಿ ಪ್ರತ್ಯಯವನ್ನು ಬದಲಾಗುವ ಹೆಸರಿಗೆ ಅಂಟಿಸುವುದು.

"ಇಂಥವರಿಗೆ ಕಳುಹಿಸು" ಎಂಬ ಗುಂಡಿಯನ್ನು ಗಮನಿಸಿ. ಹೆಸರಿನ ಜಾಗದ ಮುಂದೆ "ಗೆ" ಎಂದು ಬರೆದರೆ ರವಿಗೆ ಸರಿಹೋಗುತ್ತದೆ. ಆದರೆ ರಾಮ ಇದ್ದರೆ ರಾಮನಿಗೆ ಆಗಬೇಕು, ಗುರು ಇದ್ದರೆ ಗುರುವಿಗೆ ಆಗಬೇಕು, ಅದು ವ್ಯಕ್ತಿಯಲ್ಲದೆ ಒಂದು ಮರವಾಗಿದ್ದರೆ ಮರಕ್ಕೆ ಆಗಬೇಕು. ಯಂತ್ರಕ್ಕೆ ಈ ಭೇದ ತಿಳಿಯದು. ಆದ್ದರಿಂದ ನಾವು ಪ್ರತ್ಯಯವನ್ನು ಹೊತ್ತುಕೊಳ್ಳಲು ಇನ್ನೊಂದು ಪದವನ್ನು ಜೊತೆಗಿಡುತ್ತೇವೆ. ವ್ಯಕ್ತಿಯಾದರೆ "ರಾಮ ಅವರಿಗೆ ಕಳುಹಿಸು", ಕಡತವಾದರೆ "ವರದಿ ಎಂಬ ಕಡತವನ್ನು ಅಳಿಸು". ವಾಕ್ಯ ಒಂದಿಷ್ಟು ಉದ್ದವಾಗುತ್ತದೆ, ಆದರೆ ಯಾವ ಹೆಸರು ಬಂದು ಕುಳಿತರೂ ವ್ಯಾಕರಣ ಕೆಡುವುದಿಲ್ಲ. ಈ ಉಪಾಯವನ್ನು ನನಗೆ ಯಾವ ಕೈಪಿಡಿಯೂ ಹೇಳಿಕೊಡಲಿಲ್ಲ, ನನ್ನ ಮೊದಲ ಕೊಡುಗೆಯನ್ನು ಪರಿಶೀಲಿಸಿದ ಹಿರಿಯರೊಬ್ಬರು ಮೂರು ಸಾಲುಗಳಲ್ಲಿ ತಿಳಿಸಿಕೊಟ್ಟರು. ಅವರ ಆ ಮೂರು ಸಾಲುಗಳ ಋಣ ನನ್ನ ಮೇಲೆ ಇಂದಿಗೂ ಇದೆ.

ಬಹುವಚನದ ಬಗೆಗೂ ಎಚ್ಚರವಿರಲಿ. ಇಂಗ್ಲಿಷಿನಲ್ಲಿ ಸೊನ್ನೆಗೆ ಬಹುವಚನ ಬಳಸುತ್ತಾರೆ. ಭಾಷೆಗಳ ರೂಢಿಗಳನ್ನು ಒಂದೆಡೆ ಸೇರಿಸಿಟ್ಟಿರುವ ಯೂನಿಕೋಡ್‌ನ ಸಿಎಲ್‌ಡಿಆರ್ ಭಂಡಾರವು ಕನ್ನಡಕ್ಕೆ ಸೊನ್ನೆ ಮತ್ತು ಒಂದನ್ನು ಒಂದೇ ಗುಂಪಿಗೆ ಸೇರಿಸಿದೆ. ಆದರೆ ಕೆಲವು ಪಿಓ ಕಡತಗಳ ತಲೆಬರಹದಲ್ಲಿ ಇಂಗ್ಲಿಷಿನ ನಿಯಮವೇ ಉಳಿದುಕೊಂಡಿರುತ್ತದೆ, ಹೀಗಾಗಿ "0 ಕಡತಗಳು" ಎಂದು ತೋರುತ್ತದೆ. ಐದು ಪುಸ್ತಕ ಕೊಡಿ ಎಂದು ಅಂಗಡಿಯಲ್ಲಿ ಕೇಳುವ ನಮಗೆ ಸಂಖ್ಯೆಯ ಮುಂದೆ "ಗಳು" ಯಾವಾಗಲೂ ಬೇಕೇ ಎಂಬುದೂ ಯೋಚಿಸಬೇಕಾದ ವಿಷಯವೇ. ಅದನ್ನು ಇನ್ನೊಂದು ಚರ್ಚೆಗೆ ಬಿಡೋಣ.

ಕೊನೆಯದಾಗಿ ಒಂದು ಮಾತು. ಮೊದಲ ಸಲಕ್ಕೆ ಆ ಒಂದು ಸಾಲನ್ನಷ್ಟೇ ತಿದ್ದಿ. ಕಡತ ತೆರೆದೊಡನೆ ಇನ್ನೂ ಐವತ್ತು ತಪ್ಪುಗಳು ಕಾಣುತ್ತವೆ, ಎಲ್ಲವನ್ನೂ ಒಟ್ಟಿಗೆ ತಿದ್ದುವ ಆಸೆಯಾಗುತ್ತದೆ. "ರದ್ದು ಮಾಡು" ಇರಬೇಕೋ "ರದ್ದು ಮಾಡಿ" ಇರಬೇಕೋ ಎಂಬಂತಹ ರುಚಿಯ ಪ್ರಶ್ನೆಗಳು ಅದರಲ್ಲಿ ಸೇರಿಕೊಂಡರೆ, ನಿರ್ವಿವಾದವಾದ ನಿಮ್ಮ ತಿದ್ದುಪಡಿಯೂ ಅವುಗಳ ಜೊತೆಗೆ ತಿಂಗಳುಗಟ್ಟಲೆ ನಿಂತುಬಿಡುತ್ತದೆ.


ಕೋಡ್_ಹುಬ್ಬಳ್ಳಿ

ಎಲ್ಲರ ಅಭಿಪ್ರಾಯಗಳಿಗೆ ಗೌರವವಿಟ್ಟೇ ನನ್ನ ಭಿನ್ನಾಭಿಪ್ರಾಯವನ್ನು ತಿಳಿಸುತ್ತೇನೆ. ಅನುವಾದ ಒಳ್ಳೆಯ ಸೇವೆ, ಆದರೆ ಸಿ ಭಾಷೆ ಬಲ್ಲವರಿಗೆ ಅದನ್ನು ಮೊದಲ ಕೊಡುಗೆಯಾಗಿ ಸೂಚಿಸುವುದು ಅವರ ಸಾಮರ್ಥ್ಯವನ್ನು ಕಡಿಮೆ ಬಳಸಿದಂತೆ ಎಂಬುದು ನನ್ನ ಅನಿಸಿಕೆ. ನಮ್ಮ ಜಿಲ್ಲೆಗಳ ಮಕ್ಕಳನ್ನು ಅನುವಾದ ಮತ್ತು ಕಾಗುಣಿತ ತಿದ್ದುವ ಕೆಲಸದಲ್ಲೇ ನಿಲ್ಲಿಸಿದರೆ ತಂತ್ರಾಂಶದ ಒಳಗಿನ ತೀರ್ಮಾನಗಳನ್ನು ಯಾವಾಗಲೂ ಬೇರೆಯವರೇ ಮಾಡುತ್ತಾರೆ. "ಗುಡ್ ಫಸ್ಟ್ ಇಶ್ಯೂ" ಎಂದು ಗುರುತು ಹಾಕಿದ ಕೋಡಿನ ಕೆಲಸಗಳು ಸಾವಿರಾರಿವೆ. ಲಿಬ್ರೆಆಫೀಸಿನವರು ಈಸಿಹ್ಯಾಕ್ಸ್ ಎಂಬ ಹೆಸರಿನಲ್ಲಿ ಹೊಸಬರಿಗೆಂದೇ ಕೆಲಸಗಳ ಪಟ್ಟಿಯನ್ನು ಇಟ್ಟಿದ್ದಾರೆ. ಅಲ್ಲಿಂದ ಆರಂಭಿಸಬಾರದೇಕೆ?


ತುಂಗಾತೀರ

ಕೋಡ್_ಹುಬ್ಬಳ್ಳಿ ಅವರ ಕಳಕಳಿ ಅರ್ಥವಾಗುತ್ತದೆ, ಅದರ ದ್ವಿತೀಯಾರ್ಧವನ್ನು ನಾನೂ ಒಪ್ಪುತ್ತೇನೆ. ಆದರೆ ಮೊದಲ ಕೊಡುಗೆಯಲ್ಲಿ ಕಲಿಯುವುದು ಕೋಡನ್ನಲ್ಲ, ದಾರಿಯನ್ನು. ನಾನು ಲಿನಕ್ಸ್‌ನ ತಿರುಳಾದ ಕರ್ನೆಲ್‌ಗೆ ಕಳುಹಿಸಿದ ಮೊದಲ ಪ್ಯಾಚ್ (ತಿದ್ದುಪಡಿಯ ತುಣುಕು) ಒಂದು ಡ್ರೈವರ್‌ನ ಟಿಪ್ಪಣಿಯಲ್ಲಿದ್ದ ಕಾಗುಣಿತದ ತಪ್ಪನ್ನು ತಿದ್ದಿದ್ದು. ಒಂದೇ ಅಕ್ಷರ. ಅದನ್ನು ಸರಿಯಾಗಿ ಕಳುಹಿಸಲು ನನಗೆ ಮೂರು ವಾರ ಹಿಡಿಯಿತು, ಆ ಮೂರು ವಾರಗಳಲ್ಲಿ ಕಲಿತದ್ದನ್ನೇ ಇಂದಿಗೂ ಬಳಸುತ್ತಿದ್ದೇನೆ.

ಕರ್ನೆಲ್‌ಗೆ ಪುಲ್ ರಿಕ್ವೆಸ್ಟ್ ಗುಂಡಿಯಿಲ್ಲ. ಪ್ಯಾಚನ್ನು ಇಮೇಲ್‌ನ ಒಡಲಿನಲ್ಲೇ ಸರಳ ಪಠ್ಯವಾಗಿ ಕಳುಹಿಸಬೇಕು. ಬ್ರೌಸರಿನಲ್ಲಿ ತೆರೆದ ಜಿಮೇಲ್‌ನಿಂದ ಕಳುಹಿಸಿದರೆ ಅದು ಟ್ಯಾಬ್‌ಗಳನ್ನು ಖಾಲಿ ಜಾಗಗಳಾಗಿ ಬದಲಿಸುತ್ತದೆ, ಆಗ ಪ್ಯಾಚ್ ಅನ್ವಯವಾಗುವುದೇ ಇಲ್ಲ. ಅದಕ್ಕಾಗಿಯೇ ಗಿಟ್‌ನಲ್ಲಿ ಸೆಂಡ್-ಇಮೇಲ್ ಎಂಬ ಆದೇಶವಿದೆ. ಕಳುಹಿಸುವ ಮುನ್ನ ಚೆಕ್‌ಪ್ಯಾಚ್ ಎಂಬ ಸ್ಕ್ರಿಪ್ಟ್ ಶೈಲಿಯ ತಪ್ಪುಗಳನ್ನು ತೋರಿಸುತ್ತದೆ, ಗೆಟ್-ಮೇಂಟೇನರ್ ಎಂಬ ಇನ್ನೊಂದು ಸ್ಕ್ರಿಪ್ಟ್ ಅದನ್ನು ಯಾರಿಗೆ ಕಳುಹಿಸಬೇಕೆಂದು ಹೇಳುತ್ತದೆ. ಕೊನೆಯಲ್ಲಿ ಸೈನ್ಡ್-ಆಫ್-ಬೈ ಎಂಬ ಸಾಲಿನಲ್ಲಿ ನಮ್ಮ ಹೆಸರು ಇರಬೇಕು. ಎಸ್‌ಸಿಓ ಸಂಸ್ಥೆ 2003ರಲ್ಲಿ ಲಿನಕ್ಸ್ ಕೋಡಿನ ಹಕ್ಕಿನ ಬಗ್ಗೆ ಮೊಕದ್ದಮೆ ಹೂಡಿದ ಬಳಿಕ, 2004ರಲ್ಲಿ ಈ ಪದ್ಧತಿ ಬಂತು. "ಇದನ್ನು ನಾನೇ ಬರೆದಿದ್ದೇನೆ, ಅಥವಾ ಇದನ್ನು ಕೊಡುವ ಹಕ್ಕು ನನಗಿದೆ" ಎಂಬ ಪ್ರಮಾಣ ಅದು, ಅಲಂಕಾರದ ಸಹಿಯಲ್ಲ.

ಬದಲಾವಣೆಯ ಜೊತೆ ಬರೆಯುವ ವಿವರಣೆಯಾದ ಕಮಿಟ್ ಸಂದೇಶದ ಭಾಷೆಯ ಬಗ್ಗೆ ಕಲ್ಪತರುನಾಡು ಅವರಿಗೆ ಧೈರ್ಯ ಹೇಳಬಯಸುತ್ತೇನೆ. ಅಲ್ಲಿ ಬೇಕಾದದ್ದು ಸುಂದರ ಇಂಗ್ಲಿಷ್ ಅಲ್ಲ. ಮೊದಲ ಸಾಲು ವಿಧ್ಯರ್ಥಕ ರೂಪದಲ್ಲಿರಬೇಕು: ಸರಿಪಡಿಸು, ಸೇರಿಸು, ತೆಗೆ. ಅಂದರೆ ಕೋಡಿಗೆ ಆಜ್ಞೆ ಕೊಟ್ಟಂತೆ. ಬಳಿಕ ಒಂದು ಖಾಲಿ ಸಾಲು. ಅದರ ಕೆಳಗೆ ಈಗ ಏನಾಗುತ್ತಿದೆ, ಅದು ಏಕೆ ತಪ್ಪು, ನೀವು ಏನು ಬದಲಿಸಿದಿರಿ ಎಂಬ ಮೂರು ಚಿಕ್ಕ ವಾಕ್ಯಗಳು. "ಕನ್ನಡದಲ್ಲಿ ಮೊತ್ತ ಮೊದಲು ಬರುತ್ತದೆ, ಈಗಿನ ಅನುವಾದದಲ್ಲಿ ಅರ್ಥ ತಿರುವುಮುರುವಾಗಿದೆ" ಎಂಬುದನ್ನು ಶಾಲೆಯ ಇಂಗ್ಲಿಷಿನಲ್ಲಿ ಬರೆದರೂ ಜರ್ಮನಿಯಲ್ಲಿ ಕುಳಿತ ಮೇಂಟೇನರ್‌ಗೆ ಅದು ಪೂರ್ತಿ ತಿಳಿಯುತ್ತದೆ. ಅವರಿಗೂ ಇಂಗ್ಲಿಷ್ ತಾಯ್ನುಡಿಯಲ್ಲ.


ಮಂಡ್ಯ_ವಿದ್ಯಾರ್ಥಿ

ನಾನು ಮೂರನೆಯ ವರ್ಷದ ಎಂಜಿನಿಯರಿಂಗ್ ವಿದ್ಯಾರ್ಥಿ. ಹೋದ ಅಕ್ಟೋಬರ್‌ನಲ್ಲಿ ಒಂದು ದೊಡ್ಡ ಯೋಜನೆಗೆ ಪುಲ್ ರಿಕ್ವೆಸ್ಟ್ ಕಳುಹಿಸಿದ್ದೆ. ರೀಡ್‌ಮಿ ಕಡತದ ವಾಕ್ಯಗಳನ್ನು ಚೆನ್ನಾಗಿ ತಿದ್ದಿ ಬರೆದಿದ್ದೆ, ಅದಕ್ಕೆ ಎಐ ಸಹಾಯವನ್ನೂ ಪಡೆದಿದ್ದೆ. ಒಂದು ಗಂಟೆಯೊಳಗೆ, ಒಂದು ಮಾತನ್ನೂ ಬರೆಯದೆ, ಅದನ್ನು ಮುಚ್ಚಿದರು. ಅಂದಿನಿಂದ ಮತ್ತೆ ಪ್ರಯತ್ನಿಸಲು ಮನಸ್ಸಾಗಿಲ್ಲ. ಹೊಸಬರನ್ನು ಸ್ವಾಗತಿಸುತ್ತೇವೆ ಎಂದು ಮೊದಲ ಪುಟದಲ್ಲಿ ಬರೆದುಕೊಂಡವರು ಹೀಗೆ ಮಾಡಬಹುದೇ?


ಹಳೆಬೇರು

ಮಾತಿಲ್ಲದೆ ಮುಚ್ಚಿದ್ದು ನಿಮಗೆ ನೋವು ತಂದಿರುವುದು ನ್ಯಾಯವೇ. ಒಂದು ಸಾಲಿನ ಕಾರಣ ಕೊಡಬಹುದಿತ್ತು. ಆದರೂ ಆ ಕಡೆ ಕುಳಿತವರ ಸ್ಥಿತಿಯನ್ನು ನಿಮಗೆ ತಿಳಿಸಬೇಕು, ಏಕೆಂದರೆ ನಾನೂ ಒಂದು ಸಣ್ಣ ಲೈಬ್ರರಿಯನ್ನು (ಬೇರೆ ತಂತ್ರಾಂಶಗಳು ಬಳಸುವ ಕೋಡಿನ ಗುಚ್ಛವನ್ನು) ಹನ್ನೊಂದು ವರ್ಷಗಳಿಂದ ನೋಡಿಕೊಳ್ಳುತ್ತಿದ್ದೇನೆ.

ಡಿಜಿಟಲ್‌ಓಷನ್ ಸಂಸ್ಥೆ 2014ರಲ್ಲಿ ಹ್ಯಾಕ್ಟೋಬರ್‌ಫೆಸ್ಟ್ ಎಂಬ ಕಾರ್ಯಕ್ರಮವನ್ನು ಆರಂಭಿಸಿತು. ಅಕ್ಟೋಬರ್ ತಿಂಗಳಿನಲ್ಲಿ ನಿಗದಿಯಾದಷ್ಟು ಪುಲ್ ರಿಕ್ವೆಸ್ಟ್ ಕಳುಹಿಸಿದವರಿಗೆ ಟೀ ಶರ್ಟ್ ಸಿಗುತ್ತಿತ್ತು. ಉದ್ದೇಶ ಒಳ್ಳೆಯದೇ, ಅದರಿಂದ ನಿಜವಾದ ಕೊಡುಗೆದಾರರಾದವರನ್ನೂ ನಾನು ಬಲ್ಲೆ. ಆದರೆ 2020ರ ಅಕ್ಟೋಬರ್ ಮೊದಲ ದಿನಗಳಲ್ಲಿ, ರೀಡ್‌ಮಿ ಕಡತಕ್ಕೆ ಒಂದು ವಿಶೇಷಣ ಸೇರಿಸಿದ, ಒಂದು ಖಾಲಿ ಸಾಲು ಹಾಕಿದ ಅರ್ಥವಿಲ್ಲದ ಪುಲ್ ರಿಕ್ವೆಸ್ಟ್‌ಗಳು ಪ್ರವಾಹದಂತೆ ಬಂದವು. ಮೇಂಟೇನರ್‌ಗಳು ರಾತ್ರಿಯೆಲ್ಲ ಕುಳಿತು ಮುಚ್ಚಿದರು. ಆಯೋಜಕರು ಕೆಲವೇ ದಿನಗಳಲ್ಲಿ ನಿಯಮ ಬದಲಿಸಿ, ಒಪ್ಪಿಗೆ ಸೂಚಿಸಿದ ಯೋಜನೆಗಳಿಗೆ ಮಾತ್ರ ಇದು ಅನ್ವಯಿಸುತ್ತದೆ ಎಂದು ಮಾಡಬೇಕಾಯಿತು. ಅಂದಿನಿಂದ ಅಕ್ಟೋಬರ್‌ನಲ್ಲಿ ರೀಡ್‌ಮಿಯನ್ನು ಮುಟ್ಟುವ ಅಪರಿಚಿತ ಬದಲಾವಣೆ ಎಂದರೆ ಎಷ್ಟೋ ಜನ ಓದದೆಯೇ ಮುಚ್ಚುತ್ತಾರೆ. ನಿಮ್ಮದು ಅದೇ ಹರಿವಿಗೆ ಸಿಕ್ಕಿರಬಹುದು.

ಎಐ ವಿಷಯಕ್ಕೆ ಬಂದರೆ, ಯೋಜನೆಯ ನಿಯಮವನ್ನು ಮೊದಲು ನೋಡಲೇಬೇಕು. ಜೆಂಟೂ ಲಿನಕ್ಸ್ ಮತ್ತು ನೆಟ್‌ಬಿಎಸ್‌ಡಿ ಎಂಬ ಕಾರ್ಯಾಚರಣ ವ್ಯವಸ್ಥೆಗಳ ಯೋಜನೆಗಳು 2024ರಲ್ಲಿಯೇ ಎಐ ಬರೆದ ಕೊಡುಗೆಗಳಿಗೆ ಕಡಿವಾಣ ಹಾಕಿದವು. ಅಂತರ್ಜಾಲದಿಂದ ದತ್ತಾಂಶ ತರುವ ಸಾಧನವಾದ ಕರ್ಲ್ ಯೋಜನೆಯನ್ನು ನಡೆಸುವ ಡೇನಿಯಲ್ ಸ್ಟೆನ್‌ಬರ್ಗ್ ಅವರು ಎಐ ಬರೆದ ಸುಳ್ಳು ಭದ್ರತಾ ವರದಿಗಳು ತಮ್ಮ ಸಮಯವನ್ನು ತಿನ್ನುತ್ತಿವೆ ಎಂದು ಬಹಿರಂಗವಾಗಿಯೇ ಹೇಳುತ್ತಾ ಬಂದಿದ್ದಾರೆ. ನಿಯಮ ಅವಕಾಶ ಕೊಟ್ಟ ಕಡೆಯೂ ನನ್ನ ಅಳತೆಗೋಲು ಒಂದೇ: ಪರಿಶೀಲಕರು "ಈ ಸಾಲು ಏಕೆ?" ಎಂದು ಕೇಳಿದರೆ ನೀವು ಯಾರ ಸಹಾಯವೂ ಇಲ್ಲದೆ ಉತ್ತರಿಸಬಲ್ಲಿರಾ? ಇಲ್ಲವಾದರೆ ಆ ಸಾಲನ್ನು ಕಳುಹಿಸಬೇಡಿ. ಏಕೆಂದರೆ ಅದನ್ನು ಒಪ್ಪಿಕೊಂಡ ಮೇಲೆ ಮುಂದಿನ ಹತ್ತು ವರ್ಷ ಅದರ ಜವಾಬ್ದಾರಿ ಅವರದು.

ಅಪರಿಚಿತರ ಬಗ್ಗೆ ಮೇಂಟೇನರ್‌ಗಳಿಗೆ ಅನುಮಾನ ಬರಲು ಇನ್ನೊಂದು ಗಂಭೀರ ಕಾರಣವೂ ಇದೆ. ಎಕ್ಸ್‌ಝೆಡ್ ಎಂಬುದು ಕಡತಗಳನ್ನು ಕುಗ್ಗಿಸುವ ಒಂದು ಸಾಧನ, ಬಹುತೇಕ ಎಲ್ಲ ಲಿನಕ್ಸ್ ಯಂತ್ರಗಳಲ್ಲೂ ಇರುತ್ತದೆ. ಅದನ್ನು ಬಹುಕಾಲ ಒಬ್ಬರೇ ನೋಡಿಕೊಳ್ಳುತ್ತಿದ್ದರು. ಒಬ್ಬ ಅಜ್ಞಾತ ಕೊಡುಗೆದಾರ ಎರಡು ವರ್ಷಕ್ಕೂ ಹೆಚ್ಚು ಕಾಲ ಒಳ್ಳೆಯ ಪ್ಯಾಚ್‌ಗಳನ್ನು ಕಳುಹಿಸಿ, ನಂಬಿಕೆ ಗಳಿಸಿ, ಮೇಂಟೇನರ್ ಆಗಿ, ಕೊನೆಗೆ 5.6.0 ಮತ್ತು 5.6.1 ಆವೃತ್ತಿಗಳಲ್ಲಿ, ಗುಟ್ಟಾಗಿ ಒಳನುಗ್ಗಲು ಬಿಡುವ ಹಿಂಬಾಗಿಲನ್ನು ಅಡಗಿಸಿಟ್ಟ. ಆಂಡ್ರೆಸ್ ಫ್ರಾಯಿಂಡ್ ಎಂಬ ಎಂಜಿನಿಯರ್ ತಮ್ಮ ಯಂತ್ರದ ಲಾಗಿನ್ ಅರ್ಧ ಸೆಕೆಂಡಿನಷ್ಟು ತಡವಾಗುತ್ತಿರುವುದನ್ನು ಗಮನಿಸಿ, ಕಾರಣ ಹುಡುಕುತ್ತಾ ಹೋಗಿ, 2024ರ ಮಾರ್ಚ್ 29ರಂದು ಅದನ್ನು ಬಯಲಿಗೆ ತಂದರು. ಆ ಒಂದು ಘಟನೆಯ ನೆರಳು ಇಂದು ಪ್ರಾಮಾಣಿಕವಾಗಿ ಬರುವ ನಿಮ್ಮಂಥ ಹುಡುಗರ ಮೇಲೂ ಬಿದ್ದಿದೆ. ಅದು ನಿಮ್ಮ ತಪ್ಪಲ್ಲ, ಆದರೆ ನೀವು ತಿಳಿದಿರಬೇಕಾದ ಸಂಗತಿ.

ಮತ್ತೆ ಪ್ರಯತ್ನಿಸಿ ಎಂದೇ ನಾನು ಹೇಳುತ್ತೇನೆ. ಆದರೆ ಈ ಸಲ ದೊಡ್ಡ ಹೆಸರಿನ ಯೋಜನೆಯನ್ನು ಹುಡುಕಿಕೊಂಡು ಹೋಗಬೇಡಿ. ನಿಮ್ಮ ಲ್ಯಾಪ್‌ಟಾಪಿನಲ್ಲಿ ಕಳೆದ ತಿಂಗಳು ಯಾವ ಮುಕ್ತ ತಂತ್ರಾಂಶ ನಿಮಗೆ ತೊಂದರೆ ಕೊಟ್ಟಿತು ಎಂದು ನೆನಪು ಮಾಡಿಕೊಳ್ಳಿ. ಆ ತೊಂದರೆಯನ್ನು ಇನ್ನೊಬ್ಬರು ತಮ್ಮ ಯಂತ್ರದಲ್ಲಿ ಮತ್ತೆ ಉಂಟುಮಾಡಿ ನೋಡುವಷ್ಟು ಸ್ಪಷ್ಟವಾಗಿ ಬರೆಯಿರಿ: ಯಾವ ಆವೃತ್ತಿ, ಏನು ಮಾಡಿದಿರಿ, ಏನಾಗಬೇಕಿತ್ತು, ಏನಾಯಿತು. ಅಂತಹ ಒಂದು ವರದಿ ಕೂಡ ಕೊಡುಗೆಯೇ. ನನ್ನ ಲೈಬ್ರರಿಗೆ ಬಂದ ಅತ್ಯಂತ ಬೆಲೆಬಾಳುವ ಕೊಡುಗೆಗಳಲ್ಲಿ ಕೆಲವು ಒಂದು ಸಾಲು ಕೋಡೂ ಇಲ್ಲದ ವರದಿಗಳು.


ಬೆಂಗಳೂರು_ದಕ್ಷಿಣ

ಉದ್ಯೋಗದಲ್ಲಿರುವವರಿಗೆ ಒಂದು ಎಚ್ಚರಿಕೆ. 1957ರ ನಮ್ಮ ಕೃತಿಸ್ವಾಮ್ಯ ಕಾಯ್ದೆಯ 17ನೆಯ ಕಲಮಿನ ಪ್ರಕಾರ, ಬೇರೆ ಒಪ್ಪಂದವಿಲ್ಲದಿದ್ದರೆ, ನೌಕರಿಯ ಭಾಗವಾಗಿ ರಚಿಸಿದ ಕೃತಿಯ ಮೊದಲ ಒಡೆತನ ಉದ್ಯೋಗದಾತರದು. ನೇಮಕಾತಿ ಪತ್ರದ ಷರತ್ತುಗಳು ಇದಕ್ಕಿಂತಲೂ ವಿಸ್ತಾರವಾಗಿರಬಹುದು. ನಾನು ಹಿಂದೊಮ್ಮೆ ಕಂಪನಿಯ ಲ್ಯಾಪ್‌ಟಾಪಿನಿಂದ, ಕಂಪನಿಯ ಇಮೇಲ್ ವಿಳಾಸದಿಂದ ಪ್ಯಾಚ್ ಕಳುಹಿಸಿದ್ದೆ. ಅದು ಒಪ್ಪಿತವಾದ ಮೇಲೆ ಕಾನೂನು ವಿಭಾಗಕ್ಕೆ ವಿವರಣೆ ಕೊಡಬೇಕಾಗಿ ಬಂದು ಎರಡು ತಿಂಗಳು ನೆಮ್ಮದಿ ಕಳೆದುಕೊಂಡೆ. ಈಗ ನನ್ನ ಸ್ವಂತ ಯಂತ್ರ, ಸ್ವಂತ ವಿಳಾಸ, ಮೇಲಧಿಕಾರಿಯ ಲಿಖಿತ ಅನುಮತಿ ಈ ಮೂರೂ ಇಲ್ಲದೆ ಏನನ್ನೂ ಕಳುಹಿಸುವುದಿಲ್ಲ. ತುಂಗಾತೀರ ಅವರು ಹೇಳಿದ ಸಹಿಯ ಸಾಲಿನಲ್ಲಿ "ಹಕ್ಕು ನನಗಿದೆ" ಎಂದು ಬರೆಯುತ್ತೇವಲ್ಲ, ಅದು ನಿಜವಾಗಿರಬೇಕು.


ಕಲ್ಪತರುನಾಡು

ಇಪ್ಪತ್ತಾರು ದಿನಗಳ ನಂತರ ಬರೆಯುತ್ತಿದ್ದೇನೆ, ತಡವಾದುದಕ್ಕೆ ಕ್ಷಮಿಸಿ. ನಡೆದುದನ್ನು ನಡೆದಂತೆ ಹೇಳುತ್ತೇನೆ, ನನ್ನ ಹಿಂದೆ ಬರುವವರಿಗೆ ಉಪಯೋಗವಾಗಬಹುದು.

ಹಳೆಬೇರು ಅವರು ಹೇಳಿದಂತೆ ಇತ್ತೀಚಿನ ಕನ್ನಡ ಕಡತವನ್ನು ತೆರೆದು ನೋಡಿದೆ. ತಪ್ಪು ಹಾಗೆಯೇ ಇತ್ತು, ಯಾರೂ ದೂರು ಕೊಟ್ಟಿರಲಿಲ್ಲ. ಮೊದಲು ನನ್ನದೇ ಯಂತ್ರದಲ್ಲಿ ಪ್ರಯತ್ನಿಸಿದೆ. ಪಿಓ ಕಡತಗಳನ್ನು ತಿದ್ದುವ ಪೋಎಡಿಟ್‌ನಲ್ಲಿ ಸಾಲನ್ನು ತಿದ್ದಿ, ಗೆಟ್‌ಟೆಕ್ಸ್ಟ್ ಎಂಬ ಅನುವಾದ ಸಾಧನದ ಪರೀಕ್ಷಾ ಆದೇಶದಿಂದ ಸಂಖ್ಯೆಗಳ ಜಾಗಗಳು ಸರಿಯಾಗಿವೆ ಎಂದು ಖಚಿತಪಡಿಸಿಕೊಂಡು, ಅದರಿಂದ ಹುಟ್ಟಿದ, ಯಂತ್ರ ಓದುವ ರೂಪದ ಎಂಓ ಕಡತವನ್ನು ವ್ಯವಸ್ಥೆಯ ಲೊಕೇಲ್ ಫೋಲ್ಡರಿನೊಳಗಿನ ಕನ್ನಡದ ಜಾಗದಲ್ಲಿ ಇಟ್ಟೆ. ತಂತ್ರಾಂಶವನ್ನು ಮತ್ತೆ ತೆರೆದಾಗ "10 ರಲ್ಲಿ 3" ಎಂದು ಬಂತು. ಆ ಕ್ಷಣದ ಸಂತೋಷವನ್ನು ಹೇಗೆ ಬರೆಯಬೇಕೋ ತಿಳಿಯದು. ಹದಿನಾಲ್ಕು ವರ್ಷಗಳಿಂದ ಕಂಪ್ಯೂಟರ್ ಕಲಿಸುತ್ತಿದ್ದೇನೆ, ದಿನವೂ ಬಳಸುವ ತಂತ್ರಾಂಶವೊಂದು ನನ್ನ ಮಾತು ಕೇಳಿದ್ದು ಅದೇ ಮೊದಲು.

ತಿದ್ದುಪಡಿಯನ್ನು ಭಾಷಾ ತಂಡದ ತಾಣದ ಮೂಲಕ, ಮೂರು ವಾಕ್ಯಗಳ ವಿವರಣೆಯ ಜೊತೆಗೆ ಸಲ್ಲಿಸಿದೆ. ಒಂಬತ್ತು ದಿನ ಯಾವ ಉತ್ತರವೂ ಬರಲಿಲ್ಲ. ಮತ್ತೊಮ್ಮೆ ವಿನಯದಿಂದ ನೆನಪಿಸಿದೆ. ಹನ್ನೊಂದನೆಯ ದಿನ ಪರಿಶೀಲಕರು ಉತ್ತರಿಸಿ, ನಾನು ಒಂದು ಸಾಲು ಬದಲಿಸಿದ್ದೇನೆಂದು ಹೇಳಿದರೂ ಹೋಲಿಸಿ ನೋಡಿದರೆ ನಾನೂರಕ್ಕೂ ಹೆಚ್ಚು ಸಾಲುಗಳು ಬದಲಾಗಿವೆ ಎಂದು ತಿಳಿಸಿದರು. ನನಗೆ ಗಾಬರಿಯಾಯಿತು. ನೋಡಿದರೆ ಕಡತ ಉಳಿಸುವಾಗ ಉದ್ದನೆಯ ಸಾಲುಗಳನ್ನೆಲ್ಲ ಬೇರೆ ಅಗಲಕ್ಕೆ ಮುರಿಯುವ ಆಯ್ಕೆ ನನ್ನ ಎಡಿಟರ್‌ನಲ್ಲಿ ಚಾಲೂ ಇತ್ತು. ಅರ್ಥ ಬದಲಾಗಿರಲಿಲ್ಲ, ಆದರೆ ಪರಿಶೀಲಿಸುವವರು ಆ ನಾನೂರು ಸಾಲುಗಳನ್ನೂ ಓದಬೇಕಾಗುತ್ತಿತ್ತು. ಆಯ್ಕೆಯನ್ನು ಬದಲಿಸಿ, ಮೂಲ ಕಡತವನ್ನು ಹೊಸದಾಗಿ ಇಳಿಸಿಕೊಂಡು, ಆ ಒಂದು ಸಾಲನ್ನು ಮಾತ್ರ ತಿದ್ದಿ, ಕಳುಹಿಸುವ ಮುನ್ನ ನಾನೇ ಎರಡು ಕಡತಗಳನ್ನು ಅಕ್ಕಪಕ್ಕ ಇಟ್ಟು ಹೋಲಿಸಿದೆ. ಇನ್ನು ಮುಂದೆ ಈ ಕೊನೆಯ ಹೆಜ್ಜೆಯನ್ನು ತಪ್ಪಿಸುವುದಿಲ್ಲ. ಮಾರನೆಯ ದಿನವೇ ಅದು ಒಪ್ಪಿತವಾಯಿತು. ಇಂಗ್ಲಿಷಿನ ಬಗ್ಗೆ ಯಾರೂ ಏನನ್ನೂ ಹೇಳಲಿಲ್ಲ.

ಈಗ ಕೋಡ್_ಹುಬ್ಬಳ್ಳಿ ಅವರಿಗೆ ಒಂದು ವಿಷಯ ತಿಳಿಸಬೇಕು. ಅದೇ ತಂತ್ರಾಂಶದ ಮೇಲಿನ ಪಟ್ಟಿಯಲ್ಲಿ ಪುಟಸಂಖ್ಯೆಯನ್ನು ಬರೆಯುವ ಒಂದು ಚೌಕವಿದೆ, ಅದರ ಬಲಗಡೆ ಒಟ್ಟು ಪುಟಗಳನ್ನು ಹೇಳುವ ಪಠ್ಯ ಬರುತ್ತದೆ. ಅನುವಾದಕ್ಕೆ ಸಿಗುವುದು ಆ ಬಲಗಡೆಯ ತುಂಡು ಮಾತ್ರ. ಚೌಕವೇ ಮೊದಲು ಬರುವುದರಿಂದ "10 ರಲ್ಲಿ" ಎಂದು ಬರೆದರೆ "3 10 ರಲ್ಲಿ" ಎಂದಾಗುತ್ತದೆ. ಜಾಗಗಳ ಕ್ರಮ ಬದಲಿಸುವ ಉಪಾಯ ಇಲ್ಲಿ ನಡೆಯುವುದಿಲ್ಲ, ಏಕೆಂದರೆ ಎರಡು ಸಂಖ್ಯೆಗಳು ಒಂದೇ ವಾಕ್ಯದಲ್ಲಿಲ್ಲ. ತಾತ್ಕಾಲಿಕವಾಗಿ ಓರೆಗೆರೆ ಹಾಕಿ "3 / 10" ಎಂದು ಮಾಡಬಹುದು. ಆದರೆ ಸರಿಯಾದ ಪರಿಹಾರವೆಂದರೆ ಚೌಕದ ಎಡಗಡೆಯೂ ಒಂದು ಪಠ್ಯಕ್ಕೆ ಅವಕಾಶವಿರಬೇಕು, ಭಾಷೆಗೆ ತಕ್ಕಂತೆ ಎರಡರಲ್ಲಿ ಒಂದನ್ನು ತುಂಬುವಂತಿರಬೇಕು. ಅದು ಸಿ ಭಾಷೆಯಲ್ಲಿರುವ ಕೋಡಿನ ಬದಲಾವಣೆ. ನಮಗಷ್ಟೇ ಅಲ್ಲ, ಮೊತ್ತವನ್ನು ಮೊದಲು ಹೇಳುವ ಎಲ್ಲ ಭಾಷೆಗಳಿಗೂ ಅದು ಬೇಕಾದದ್ದು ಎಂದು ವಿವರಿಸಿ ಇಶ್ಯೂ (ದೂರು) ದಾಖಲಿಸಿದ್ದೇನೆ. ಮೇಂಟೇನರ್ ಒಪ್ಪಿ, ಪ್ಯಾಚ್ ಬರೆಯುತ್ತೀರಾ ಎಂದು ನನ್ನನ್ನೇ ಕೇಳಿದ್ದಾರೆ.


ಕೋಡ್_ಹುಬ್ಬಳ್ಳಿ

ಮೇಡಂ, ನನ್ನ ಹಿಂದಿನ ಮಾತನ್ನು ನಾನು ಹಿಂದಕ್ಕೆ ಪಡೆಯುತ್ತೇನೆ. ಈ ದೋಷವನ್ನು ಕೋಡ್ ಓದುತ್ತಾ ಕುಳಿತಿದ್ದರೆ ನಾನು ಎಂದಿಗೂ ಕಾಣುತ್ತಿರಲಿಲ್ಲ. ಆ ಪಟ್ಟಿಯ ಕೋಡ್, ಗುಂಡಿ ಚೌಕಗಳನ್ನು ಪರದೆಯ ಮೇಲೆ ಮೂಡಿಸುವ ಜಿಟಿಕೆ ಲೈಬ್ರರಿಯನ್ನು ಬಳಸುತ್ತಿದ್ದರೆ ನನಗೆ ಅದರ ಪರಿಚಯವಿದೆ. ಪ್ಯಾಚನ್ನು ನೀವೇ ಬರೆಯಿರಿ, ನಿಮ್ಮ ಹೆಸರಿನಲ್ಲೇ ಹೋಗಲಿ. ಸೋರ್ಸ್‌ನಿಂದ ಕಟ್ಟುವಾಗ ತೊಡಕು ಬಂದರೆ ಯಾವ ಹೊತ್ತಿನಲ್ಲಾದರೂ ಇಲ್ಲಿ ಕೇಳಿ.


ಮಂಡ್ಯ_ವಿದ್ಯಾರ್ಥಿ

ನಾನು ಬಳಸುವ ಒಂದು ಟಿಪ್ಪಣಿ ತಂತ್ರಾಂಶದಲ್ಲಿ ಕನ್ನಡ ಪದವನ್ನು ಹುಡುಕಿದರೆ ಕೆಲವೊಮ್ಮೆ ಸಿಗುವುದಿಲ್ಲ. ಪದದೊಳಗೆ ಕಣ್ಣಿಗೆ ಕಾಣದ ಜೋಡಕ ಅಕ್ಷರ ಸೇರಿಕೊಂಡಾಗ ಮಾತ್ರ ಹೀಗಾಗುತ್ತದೆಂದು ನಿನ್ನೆ ರಾತ್ರಿ ಪತ್ತೆ ಹಚ್ಚಿದೆ. ಹಳೆಬೇರು ಸರ್ ಹೇಳಿದ ನಾಲ್ಕು ಅಂಶಗಳ ವರದಿಯನ್ನು ಬರೆಯುತ್ತಿದ್ದೇನೆ, ಈ ಸಲ ಪೂರ್ತಿ ನಾನೇ.


ನೇತ್ರಾವತಿ_ಅನುವಾದ

ವರದಿಯಲ್ಲಿ ಅದೇ ಪದವನ್ನು ಜೋಡಕ ಅಕ್ಷರದೊಂದಿಗೆ ಒಮ್ಮೆ, ಅದಿಲ್ಲದೆ ಒಮ್ಮೆ ಕೊಡಿ, ಎರಡರ ಯೂನಿಕೋಡ್ ಸಂಕೇತಸಂಖ್ಯೆಗಳನ್ನೂ ಬರೆಯಿರಿ. ಕನ್ನಡ ಲಿಪಿ ಅರಿಯದವರ ಕಣ್ಣಿಗೆ ಎರಡೂ ಒಂದೇ ರೀತಿ ಕಾಣುತ್ತವೆ.


ಕಲ್ಪತರುನಾಡು

ಕೋಡ್_ಹುಬ್ಬಳ್ಳಿ ಅವರೇ, ಧನ್ಯವಾದ. ಅದು ಜಿಟಿಕೆಯೇ. ಶನಿವಾರ ಮಧ್ಯಾಹ್ನ ಲ್ಯಾಬಿನಲ್ಲಿ ಸೋರ್ಸ್‌ನಿಂದ ಕಟ್ಟಲು ಕುಳಿತುಕೊಳ್ಳುತ್ತೇನೆ, ಪ್ರಶ್ನೆ ಕೇಳಿದ ಆ ವಿದ್ಯಾರ್ಥಿನಿಯೂ ಜೊತೆಗಿರುತ್ತಾಳೆ. ಅವಳು ತನ್ನ ಹೆಸರಿನಲ್ಲೇ ಭಾಷಾ ತಂಡದ ತಾಣದಲ್ಲಿ ಖಾತೆ ತೆರೆದಿದ್ದಾಳೆ. ವಿಭಕ್ತಿ ಪ್ರತ್ಯಯ ತಪ್ಪಾಗಿ ಅಂಟಿದ ಏಳು ಸಾಲುಗಳನ್ನು ಗುರುತಿಸಿದ್ದಾಳೆ. ನೇತ್ರಾವತಿ ಅವರೇ, ಅವಳು ಅವುಗಳನ್ನು ಸಲ್ಲಿಸುವ ಮುನ್ನ ತಾವೊಮ್ಮೆ ನೋಡಿಕೊಡಲು ಸಾಧ್ಯವೇ? ಸಾಲು ಮುರಿಯುವ ಆಯ್ಕೆಯನ್ನು ಅವಳ ಯಂತ್ರದಲ್ಲಿ ಆಗಲೇ ಬದಲಿಸಿದ್ದೇನೆ.